ಬೆನ್ನ ಮೇಲಿನ ಮಚ್ಚೆ ಕಪ್ಪಾಗಿದೆ ಅಂತಾಳೆ ಹೆಂಡತಿ. ಡಾಕ್ಟರ್ ಹತ್ರ ಹೋಗಲೇಬೇಕಾ?

ಕಿಟಕಿಸೀಟು | ಮೊದಲ ದಿನ, ರಾತ್ರಿ 11:20

ನನಗೆ 44 ವಯಸ್ಸು. ಬಲ ಹೆಗಲಿನ ಕೆಳಗೆ, ಬೆನ್ನ ಮೇಲೆ ಒಂದು ಮಚ್ಚೆ ಇದೆ. ಅದು ಇರುವುದು ಹೆಂಡತಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ. ಕಳೆದ ವಾರ ಅವಳು "ಇದು ಮೊದಲು ಇಷ್ಟು ಕಪ್ಪಗಿರಲಿಲ್ಲ, ಸ್ವಲ್ಪ ದೊಡ್ಡದೂ ಆಗಿದೆ" ಅಂದಳು. ಫೋಟೋ ತೆಗೆಸಿ ನೋಡಿದೆ. ಪೆನ್ಸಿಲ್ ಹಿಂದಿನ ರಬ್ಬರ್‌ಗಿಂತ ತುಸು ದೊಡ್ಡದು. ಮೇಲೆಲ್ಲ ಒರಟು. ನೋವಿಲ್ಲ, ರಕ್ತ ಬಂದಿಲ್ಲ. ಅಂಗಿ ತಾಗಿದಾಗ ತುರಿಕೆ ಬರುತ್ತದೆ, ಅಷ್ಟೇ.

ನಾನು ಮಾಡಿದ ತಪ್ಪು ಏನೆಂದರೆ ರಾತ್ರಿ ಹೊತ್ತು ಮೊಬೈಲ್ ಹಿಡಿದು ಹುಡುಕಲು ಕೂತದ್ದು. ಎರಡು ಗಂಟೆ ಓದಿದ ಮೇಲೆ ಕ್ಯಾನ್ಸರ್ ಬಂದೇ ಬಿಟ್ಟಿದೆ ಅನ್ನಿಸಿತು. ಯಾವ ಮಚ್ಚೆ ಸುಮ್ನೆ ಇರುವಂಥದ್ದು, ಯಾವುದು ತೋರಿಸಬೇಕಾದದ್ದು? ಗೊತ್ತಿರುವವರು ಹೇಳಿ.

ಹಳೆಸೈಕಲ್ | ರಾತ್ರಿ 11:34

ನನ್ನ ಮೈಮೇಲೆ ಕಡಿಮೆ ಅಂದರೂ 30 ಮಚ್ಚೆ ಇವೆ. 58 ವರ್ಷ ಆಯಿತು, ಒಂದಕ್ಕೂ ಏನೂ ಆಗಿಲ್ಲ. ತಲೆ ಕೆಡಿಸಿಕೊಳ್ಳಬೇಡಿ, ಮಲಗಿ.

ಅರ್ಧನಿದ್ದೆ | ರಾತ್ರಿ 11:41

ಸೈಕಲ್ ಸಾರ್, ನಿಮಗೆ ಆಗಿಲ್ಲ ಅಂದರೆ ಅವರಿಗೂ ಆಗಲ್ಲ ಅಂತ ಹೇಗೆ ಹೇಳುತ್ತೀರಿ? ಬದಲಾಗಿದೆ ಅಂತಿದ್ದಾರಲ್ಲ ಅವರು. ತೋರಿಸಿ ಸಾರ್, ಹತ್ತು ನಿಮಿಷದ ಕೆಲಸ.

ಚರ್ಮದಡಾಕ್ಟ್ರು | ಎರಡನೇ ದಿನ, ಬೆಳಗ್ಗೆ 6:50

ನಾನು ಚರ್ಮದ ಡಾಕ್ಟರ್. ಫೋಟೋ ಹಾಕಿದರೂ ಇಲ್ಲಿ ಕೂತು ಇದು ಇಂಥದ್ದೇ ಅಂತ ಹೇಳುವುದಿಲ್ಲ. ಹೇಳಬಾರದು ಕೂಡ. ಆದರೆ ಮಚ್ಚೆ ಅಂದರೆ ಏನು ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನೋಸೈಟ್ ಎಂಬ ಜೀವಕೋಶ. ಮಾಮೂಲಿಯಾಗಿ ಇವು ಚರ್ಮದ ಮೇಲ್ಪದರದ ತಳದಲ್ಲಿ ಒಂದೊಂದಾಗಿ ದೂರ ದೂರ ಇರುತ್ತವೆ. ಒಂದೇ ಕಡೆ ಗುಂಪು ಕಟ್ಟಿಕೊಂಡರೆ ಅದೇ ಮಚ್ಚೆ. ದೊಡ್ಡವರಲ್ಲಿ 10 ರಿಂದ 40 ಮಚ್ಚೆ ಇರುವುದು ತೀರಾ ಸಾಮಾನ್ಯ. ಹಾಗಾಗಿ ಸೈಕಲ್ ಸಾರ್ ಅವರ 30 ಲೆಕ್ಕದೊಳಗೇ ಇದೆ.

ಮಚ್ಚೆಗೂ ಬಾಲ್ಯ, ಮುಪ್ಪು ಅಂತ ಇದೆ. ಮಕ್ಕಳಲ್ಲಿ ಅದು ಚಪ್ಪಟೆ, ಗಾಢ ಕಂದು. ಬೆರಳಾಡಿಸಿದರೆ ಗೊತ್ತೇ ಆಗುವುದಿಲ್ಲ. ವಯಸ್ಸಾಗುತ್ತ ಆ ಜೀವಕೋಶಗಳು ಕೆಳಗಿನ ಪದರಕ್ಕೆ ಇಳಿಯುತ್ತವೆ, ಮಚ್ಚೆ ಸ್ವಲ್ಪ ಉಬ್ಬುತ್ತದೆ. ಇನ್ನೂ ವಯಸ್ಸಾದರೆ ಬಣ್ಣ ಮಾಸಿ, ಮೆತ್ತಗೆ ಗುಂಡಗೆ ಚರ್ಮದ ಬಣ್ಣಕ್ಕೇ ಬರುತ್ತದೆ. ಕೆಲವದರಲ್ಲಿ ಕೂದಲೂ ಇರುತ್ತದೆ. ವರ್ಷಗಟ್ಟಲೆ ಹಿಡಿದು ನಿಧಾನಕ್ಕೆ ಆಗುವ ಈ ಬದಲಾವಣೆಗೆ ಯಾರೂ ಹೆದರಬೇಕಿಲ್ಲ. ವಾರಗಳಲ್ಲಿ, ತಿಂಗಳುಗಳಲ್ಲಿ ಬದಲಾದರೆ ಅದು ಬೇರೆ ವಿಷಯ.

ಕಿಟಕಿಸೀಟು ಅವರೇ, ಎರಡು ಪ್ರಶ್ನೆ. ಅದು ಹುಟ್ಟಿನಿಂದ ಇದೆಯಾ, ಇಲ್ಲ 40 ದಾಟಿದ ಮೇಲೆ ಬಂದದ್ದಾ? ಮೈಮೇಲಿನ ಬೇರೆ ಮಚ್ಚೆಗಳ ಹಾಗೇ ಇದೆಯಾ, ಅಥವಾ ಇದೊಂದೇ ಬೇರೆ ತರಹ ಕಾಣುತ್ತದಾ?

ಕಿಟಕಿಸೀಟು | ಬೆಳಗ್ಗೆ 8:15

ಡಾಕ್ಟ್ರೇ, ಹುಟ್ಟಿನಿಂದ ಇಲ್ಲ. ಮದುವೆ ಹೊತ್ತಿಗೆ ಇರಲಿಲ್ಲ ಅಂತ ಹೆಂಡತಿ ಖಚಿತವಾಗಿ ಹೇಳುತ್ತಾಳೆ. ಮಿಕ್ಕ ಮಚ್ಚೆಗಳು ಸಣ್ಣವು, ನುಣುಪು. ಇದೊಂದೇ ಮೇಣ ಅಂಟಿಸಿದ ಹಾಗೆ ಒರಟು.

ಚರ್ಮದಡಾಕ್ಟ್ರು | ಬೆಳಗ್ಗೆ 8:40

"ಮೇಣ ಅಂಟಿಸಿದ ಹಾಗೆ" ಅಂದಿರಲ್ಲ, ನಮ್ಮ ಪಾಠದಲ್ಲೂ ಹೆಚ್ಚುಕಡಿಮೆ ಅದೇ ಮಾತು ಬರುತ್ತದೆ. ಸೆಬೊರಿಯಿಕ್ ಕೆರಟೋಸಿಸ್ ಅಂತ ಒಂದಿದೆ. ಹೆಸರು ಕೇಳಿದರೆ ಭಯ ಆಗುತ್ತದೆ, ಆದರೆ ಪಾಪದ ಪ್ರಾಣಿ. ಅದು ಮಚ್ಚೆಯೇ ಅಲ್ಲ, ಚರ್ಮದ ಮೇಲ್ಪದರ ದಪ್ಪಗಾಗಿ ಬೆಳೆದದ್ದು. ನಡುವಯಸ್ಸು ದಾಟಿದವರಲ್ಲಿ ಬೆನ್ನು, ಎದೆ, ಮುಖದ ಮೇಲೆ ಬರುತ್ತದೆ. ಉಗುರಿನಿಂದ ಕೆರೆದರೆ ಎದ್ದು ಬರುತ್ತದೇನೋ ಅನ್ನಿಸುತ್ತದೆ. ಕೆರೆಯಬೇಡಿ.

ನಿಮ್ಮದು ಅದೇ ಇರಬಹುದು. ಆದರೂ ಹೋಗಿ. 40ರ ನಂತರ ಹೊಸದಾಗಿ ಬಂದದ್ದು, ಬಣ್ಣ ಬದಲಾದದ್ದು, ಮಿಕ್ಕವುಗಳಿಗಿಂತ ಬೇರೆ ಕಾಣುವುದು. ನೀವು ಹೇಳಿದ್ದರಲ್ಲಿ ಈ ಮೂರೂ ಇವೆ. ಮೆಲನೋಮಾ ಅಂದರೆ ಆ ಮೆಲನೋಸೈಟ್‌ಗಳಿಂದ ಬರುವ ಚರ್ಮದ ಕ್ಯಾನ್ಸರ್. ಕೆಲವು ಮೆಲನೋಮಾ ಕೂಡ ಸೆಬೊರಿಯಿಕ್ ಕೆರಟೋಸಿಸ್ ವೇಷ ಹಾಕಿಕೊಂಡು ಬರುತ್ತವೆ. ಬರಿಗಣ್ಣಿಗೆ ನಾವೂ ಮೋಸ ಹೋಗುತ್ತೇವೆ. ಅದಕ್ಕೇ ಡರ್ಮೋಸ್ಕೋಪ್ ಇಟ್ಟುಕೊಂಡಿರುವುದು. ಬೆಳಕು ಇರುವ ಒಂದು ಭೂತಗನ್ನಡಿ ಅಂದುಕೊಳ್ಳಿ, ಚರ್ಮದ ಒಳಗಿನ ಬಣ್ಣದ ವಿನ್ಯಾಸ ಕಾಣಿಸುತ್ತದೆ. ನೋಯುವುದಿಲ್ಲ.

ಬೆಳದಿಂಗಳು | ಬೆಳಗ್ಗೆ 9:30

ಎ ಬಿ ಸಿ ಡಿ ಇ ಅಂತ ಒಂದು ಲೆಕ್ಕ ಇದೆಯಲ್ಲ? ಅದನ್ನು ಯಾರಾದರೂ ಬಿಡಿಸಿ ಹೇಳಿ. ನನಗೆ ಡಿ ಒಂದೇ ನೆನಪಿದೆ, 6 ಮಿಲಿಮೀಟರ್.

ಚರ್ಮದಡಾಕ್ಟ್ರು | ಬೆಳಗ್ಗೆ 10:05

ಎಲ್ಲರಿಗೂ ಡಿ ಮಾತ್ರ ನೆನಪಿರುತ್ತದೆ. ಅದೇ ತೊಂದರೆ!

1985ರಲ್ಲಿ ನ್ಯೂಯಾರ್ಕ್‌ನ ಡಾಕ್ಟರುಗಳು ಮೊದಲ ನಾಲ್ಕು ಅಕ್ಷರ ಕೊಟ್ಟರು. ಎ ಅಂದರೆ ಆಕಾರ. ಮಚ್ಚೆಯ ನಡುವೆ ಗೆರೆ ಎಳೆದರೆ ಎರಡು ಅರ್ಧವೂ ಹೊಂದಬೇಕು, ಹೊಂದದಿದ್ದರೆ ಅನುಮಾನ. ಬಿ ಅಂದರೆ ಅಂಚು. ಒಳ್ಳೆಯ ಮಚ್ಚೆಗೆ ನೀಟಾದ ಅಂಚು. ಕೆಟ್ಟದ್ದರ ಅಂಚು ಶಾಯಿ ಹರಡಿದ ಹಾಗೆ ಮಸುಕು, ಇಲ್ಲವೇ ಹರಿದ ಕಾಗದದ ಹಾಗೆ. ಸಿ ಬಣ್ಣ. ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ಬೂದು, ಬಿಳಿ ಕಲಸಿದ್ದರೆ ತೋರಿಸಿ. ಡಿ ಅಗಲ, 6 ಮಿಲಿಮೀಟರ್‌ಗಿಂತ ಜಾಸ್ತಿ. ಇ ಸೇರಿದ್ದು 2004ರಲ್ಲಿ. ಅದು ಬದಲಾವಣೆ.

ಈ ಐದರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇ ಇಟ್ಟುಕೊಳ್ಳುತ್ತೇನೆ. 4 ಮಿಲಿಮೀಟರ್ ಇದ್ದದ್ದೂ ಮೆಲನೋಮಾ ಆಗಿರಬಹುದು. 10 ಮಿಲಿಮೀಟರ್ ಇದ್ದು ಮೂವತ್ತು ವರ್ಷದಿಂದ ಅಲ್ಲಾಡದೆ ಕೂತಿರುವ ಮಚ್ಚೆಯೂ ಇದೆ. ಅದರ ಜೊತೆಗೆ "ಗುಂಪಿಗೆ ಸೇರದ್ದು" ಅನ್ನುವ ಲೆಕ್ಕ. ಒಬ್ಬರ ಮೈಮೇಲಿನ ಮಚ್ಚೆಗಳು ಸಾಮಾನ್ಯವಾಗಿ ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಅವುಗಳ ನಡುವೆ ಒಂದೇ ಒಂದು ಬೇರೆ ಮುಖ ಇದ್ದರೆ ಕಣ್ಣು ಅಲ್ಲಿ ನಿಲ್ಲಬೇಕು.

ಇನ್ನೊಂದು ಮಾತು. ಗಂಟಿನ ಹಾಗೆ ಬೆಳೆಯುವ ಮೆಲನೋಮಾ ಒಂದಿದೆ. ಅದು ಈ ಎ ಬಿ ಸಿ ಡಿ ಓದಿಕೊಂಡು ಬರುವುದಿಲ್ಲ. ಗುಂಡಗೆ, ಒಂದೇ ಬಣ್ಣ, ಕೆಲವೊಮ್ಮೆ ಬರೀ ಗುಲಾಬಿ. ನೋಡಿದರೆ ಮೊಡವೆ ಅನ್ನಿಸುತ್ತದೆ. ಉಬ್ಬಿದೆ, ಗಟ್ಟಿಯಾಗಿದೆ, ವಾರದಿಂದ ವಾರಕ್ಕೆ ಬೆಳೆಯುತ್ತಿದೆ ಅಂದರೆ ಕಾಯಬೇಡಿ.

ಎರಡುಜಡೆ | ಮಧ್ಯಾಹ್ನ 1:10

ನನ್ನ ಕಥೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ತುಟಿಯ ಮೇಲೆ ಒಂದು ಮಚ್ಚೆ ಇತ್ತು. ಅಂದ ಕೆಡಿಸುತ್ತದೆ ಅಂತ ಒಂದು ಸೌಂದರ್ಯ ಕ್ಲಿನಿಕ್‌ಗೆ ಹೋದೆ. ಐದು ನಿಮಿಷದಲ್ಲಿ ಲೇಸರ್‌ನಿಂದ ಸುಟ್ಟರು. ಯಾರೂ ಪರೀಕ್ಷೆ ಮಾಡಲಿಲ್ಲ, ಏನೂ ಕೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಅದೇ ಗಾಯದ ಕಲೆಯ ಒಳಗೆ ಸೊಟ್ಟಂಬಟ್ಟ ಕಂದು ಬಣ್ಣ ಮೂಡಿತು. ಚರ್ಮದ ಡಾಕ್ಟರ್ ನೋಡಿ "ಮೊದಲು ತೆಗೆದದ್ದರ ರಿಪೋರ್ಟ್ ಎಲ್ಲಿ?" ಅಂದರು. ಸುಟ್ಟು ಹೋದದ್ದಕ್ಕೆ ರಿಪೋರ್ಟ್ ಎಲ್ಲಿಂದ ತರಲಿ? ಕೊನೆಗೆ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ಮಾಮೂಲಿ ಮಚ್ಚೆಯೇ ಮತ್ತೆ ಬೆಳೆದಿತ್ತು. ಆದರೆ ರಿಪೋರ್ಟ್ ಬರುವ ತನಕದ ಹತ್ತು ದಿನ ನನಗೆ ಅನ್ನ ಸೇರಲಿಲ್ಲ.

ಲ್ಯಾಬ್‌ಮೂಲೆ | ಮಧ್ಯಾಹ್ನ 1:45

ನಾನು ಇಂಥ ಸ್ಯಾಂಪಲ್‌ಗಳನ್ನು ಮೈಕ್ರೋಸ್ಕೋಪ್ ಕೆಳಗೆ ನೋಡುವ ಕಡೆಯವನು. ಅಕ್ಕಾ, ನಿಮ್ಮ ಡಾಕ್ಟರ್ ರಿಪೋರ್ಟ್ ಕೇಳಿದ್ದು ಸರಿ. ಅರ್ಧ ತೆಗೆದ ಮಚ್ಚೆ ಗಾಯದೊಳಗಿಂದ ಮತ್ತೆ ಬೆಳೆದರೆ ಮೈಕ್ರೋಸ್ಕೋಪ್‌ನಲ್ಲೂ ಮೆಲನೋಮಾ ತರಹವೇ ಕಾಣುತ್ತದೆ. ಹುಸಿ ಮೆಲನೋಮಾ ಅಂತಲೇ ಅದಕ್ಕೆ ಹೆಸರು. ಹಾಗಾಗಿ ಹಿಂದೆ ಲೇಸರ್ ಆಗಿದೆ, ಸುಟ್ಟಿದೆ, ಕೆರೆದಿದೆ ಅಂತ ಇದ್ದರೆ ಚೀಟಿಯಲ್ಲಿ ಬರೆಸಿಬಿಡಿ. ನಾಚಿಕೆಪಟ್ಟು ಮುಚ್ಚಿಟ್ಟರೆ ನಮಗೆ ದಾರಿ ತಪ್ಪುತ್ತದೆ.

ಅನುಮಾನ ಇರುವ ಮಚ್ಚೆಯನ್ನು ಸುತ್ತ ಒಂದೆರಡು ಮಿಲಿಮೀಟರ್ ಒಳ್ಳೆಯ ಚರ್ಮದ ಸಮೇತ ಇಡಿಯಾಗಿ ತೆಗೆದು ಕಳಿಸುವುದು ಒಳ್ಳೆಯದು. ಮೆಲನೋಮಾ ಅಂತ ಆದರೆ ಮೊದಲು ಅಳೆಯುವುದು ಅದರ ಅಗಲವನ್ನಲ್ಲ, ಆಳವನ್ನು. ಬ್ರೆಸ್ಲೋ ಅನ್ನುವ ಪೆಥಾಲಜಿಸ್ಟ್ 1970ರಲ್ಲಿ ಈ ಅಳತೆ ಕೊಟ್ಟರು, ಇವತ್ತಿಗೂ ಅದೇ ನಡೆಯುತ್ತಿದೆ. ಆಳ 1 ಮಿಲಿಮೀಟರ್ ಒಳಗೆ ಇರುವಾಗಲೇ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಆಳ ಹೋದಷ್ಟೂ ಕಷ್ಟ. ಬೇಗ ತೋರಿಸಿ ಅಂತ ಬಡಿದುಕೊಳ್ಳುವುದು ಈ ಒಂದು ಮಿಲಿಮೀಟರ್‌ಗಾಗಿ. ಲೇಸರ್‌ನಲ್ಲಿ ಸುಟ್ಟರೆ ಅಳೆಯಲು ಏನೂ ಉಳಿಯುವುದಿಲ್ಲ.

ಹಳೆಸೈಕಲ್ | ಮಧ್ಯಾಹ್ನ 2:20

ಮಚ್ಚೆ ತೆಗೆಯುವ ಮುಲಾಮು ಅಂತ ಆನ್‌ಲೈನ್‌ನಲ್ಲಿ ಬರುತ್ತದಲ್ಲ, ಅದು?

ಲ್ಯಾಬ್‌ಮೂಲೆ | ಮಧ್ಯಾಹ್ನ 2:26

ಮೇಲಿನದ್ದನ್ನು ಸುಟ್ಟು, ಒಳಗಿನದ್ದನ್ನು ಹಾಗೇ ಬಿಡುತ್ತದೆ. ಮೇಲಿಂದ ಗುಳಿ ಬಿದ್ದ ಕಲೆ ಬೇರೆ. ಹಚ್ಚಬೇಡಿ.

ಅರ್ಧನಿದ್ದೆ | ಮಧ್ಯಾಹ್ನ 3:00

ನನ್ನ ಗಲ್ಲದ ಮಚ್ಚೆಯಲ್ಲಿ ಕೂದಲು ಬರುತ್ತದೆ. ಕಿತ್ತರೆ ಕ್ಯಾನ್ಸರ್ ಆಗುತ್ತದೆ ಅಂತ ಅಮ್ಮ ಹೆದರಿಸಿದ್ದಾರೆ. ಇಪ್ಪತ್ತು ವರ್ಷದಿಂದ ಕತ್ತರಿಯಲ್ಲಿ ಕತ್ತರಿಸುತ್ತಿದ್ದೇನೆ. ನಿಜಾನಾ?

ಚರ್ಮದಡಾಕ್ಟ್ರು | ಮಧ್ಯಾಹ್ನ 3:30

ಕಿತ್ತರೆ ಕ್ಯಾನ್ಸರ್ ಆಗುವುದಿಲ್ಲ. ಬುಡದಲ್ಲಿ ಕೀವು ಆಗಬಹುದು, ಅದಕ್ಕೆ ಕತ್ತರಿಯೇ ವಾಸಿ. ಅಮ್ಮನ ಮಾತು ಬೇರೆ ಕಾರಣಕ್ಕೆ ಸರಿಹೋಯಿತು ಅಂದುಕೊಳ್ಳಿ. ಶೇವ್ ಮಾಡುವಾಗ ತಗುಲಿ ರಕ್ತ ಬಂದರೂ ಮಚ್ಚೆ ಕೆಡುವುದಿಲ್ಲ. ಏನೂ ತಗುಲದೆ ತಾನಾಗಿ ರಕ್ತ ಬಂದರೆ, ಗಾಯ ಆಗಿ ವಾರಗಟ್ಟಲೆ ಮಾಯದಿದ್ದರೆ, ಆಗ ತೋರಿಸಿ.

ಬೆಳದಿಂಗಳು | ಸಂಜೆ 5:15

ನನ್ನ ಮಗನಿಗೆ 13. ಬೆನ್ನ ಮೇಲಿನ ಮಚ್ಚೆ ಸುತ್ತ ಬಿಳಿ ಉಂಗುರ ಬಂದಿದೆ. ಬಣ್ಣಗಳು ಕಲಸಿದ್ದರೆ ಕೆಟ್ಟದ್ದು ಅಂದಿರಿ. ಈಗ ನನಗೆ ನಿದ್ದೆ ಇಲ್ಲ.

ಚರ್ಮದಡಾಕ್ಟ್ರು | ಸಂಜೆ 5:50

ಮೇಡಂ, ಇದು ಬಹುಶಃ ನೋಡಲು ಚೆಂದದ ವಿಷಯ. ಹಾಲೋ ಮಚ್ಚೆ ಅನ್ನುತ್ತೇವೆ, ಹರೆಯದ ಮಕ್ಕಳಲ್ಲಿ ಜಾಸ್ತಿ. ಮೈಯೊಳಗಿನ ರಕ್ಷಣಾ ಪಡೆ ಆ ಮಚ್ಚೆಯನ್ನು ಹೊರಗಿನವನು ಅಂತ ತಿಳಿದು ತಿನ್ನುತ್ತಿರುತ್ತದೆ. ಮೊದಲು ಸುತ್ತಲೂ ಬಿಳಿ, ಆಮೇಲೆ ನಡುವಿನ ಮಚ್ಚೆಯೂ ಮಾಯ. ಕೆಲವು ವರ್ಷಗಳಲ್ಲಿ ಚರ್ಮದ ಬಣ್ಣ ತಾನೇ ವಾಪಸ್ ಬರುತ್ತದೆ. ಕೆಲವರಲ್ಲಿ ಇದರ ಜೊತೆ ತೊನ್ನು ಕಾಣಿಸಿಕೊಳ್ಳುವುದುಂಟು, ಅದಕ್ಕೆ ಮೈಯೆಲ್ಲ ಒಮ್ಮೆ ನೋಡುತ್ತೇವೆ. ಉಂಗುರ ಸಮನಾಗಿ ಗುಂಡಗಿದ್ದು, ನಡುವಿನ ಮಚ್ಚೆ ನೀಟಾಗಿದ್ದರೆ ನಿದ್ದೆ ಮಾಡಿ. ಒಮ್ಮೆ ತೋರಿಸಿ, ಸಾಕು. ದೊಡ್ಡವರಲ್ಲಿ ಹೊಸದಾಗಿ ಹೀಗೆ ಬಂದರೆ ಸ್ವಲ್ಪ ಗಂಭೀರವಾಗಿ ನೋಡುತ್ತೇವೆ.

ಬಣ್ಣದ ಮಾತು ಬಂತಲ್ಲ, ನೀಲಿ ಮಚ್ಚೆಯೂ ಇದೆ. ಒಳಗೆ ನೀಲಿ ಬಣ್ಣ ಏನೂ ಇಲ್ಲ, ಅದೇ ಕಂದು. ಆಳದಲ್ಲಿ ಇರುವುದರಿಂದ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ. ಇನ್ನು ಎದೆ, ಹೊಟ್ಟೆ ಮೇಲೆ ಬರುವ ಕೆಂಪು ಚುಕ್ಕೆ ಮಚ್ಚೆಯಲ್ಲ, ರಕ್ತನಾಳದ ಸಣ್ಣ ಗಂಟು. ಕತ್ತಿನಲ್ಲಿ ಜೋತಾಡುವ ಸ್ಕಿನ್ ಟ್ಯಾಗ್ ಕೂಡ ಮಚ್ಚೆಯಲ್ಲ. ಕಪ್ಪು ಮೈಬಣ್ಣದವರ ಕೆನ್ನೆ ಮೇಲೆ ವಯಸ್ಸಾಗುತ್ತ ಚಿಕ್ಕ ಚಿಕ್ಕ ಕರಿ ಬೊಕ್ಕೆ ಎಷ್ಟೋ ಬರುತ್ತವೆ, ಅವೂ ನಿರುಪದ್ರವಿ. ನನ್ನ ಬಳಿ ಗಾಬರಿಯಾಗಿ ಬರುವವರಲ್ಲಿ ಬಹಳ ಜನ ಇವನ್ನೇ ಹಿಡಿದು ಬರುತ್ತಾರೆ.

ಎರಡುಜಡೆ | ಸಂಜೆ 6:30

ಹುಟ್ಟುಮಚ್ಚೆ ಬಗ್ಗೆಯೂ ಹೇಳಿ ಡಾಕ್ಟ್ರೇ. ತಂಗಿಯ ಮಗುವಿನ ತೊಡೆ ಮೇಲೆ ಒಂದಿದೆ.

ಚರ್ಮದಡಾಕ್ಟ್ರು | ಸಂಜೆ 7:05

ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಮಚ್ಚೆ ಇರುತ್ತದೆ. ಸಣ್ಣದಾದರೆ ಮಗುವಿನ ಜೊತೆ ಬೆಳೆಯುತ್ತದೆ, ನೋಡಿಕೊಂಡಿದ್ದರೆ ಸಾಕು. ಮಗು ದೊಡ್ಡದಾದಾಗ 20 ಸೆಂಟಿಮೀಟರ್ ದಾಟಬಹುದು ಅನ್ನುವಷ್ಟು ದೊಡ್ಡದಿದ್ದರೆ ಮಾತ್ರ ಮೊದಲಿನಿಂದಲೇ ತಜ್ಞರ ಕಣ್ಣು ಬೇಕು. ಅಂಥದ್ದು ತೀರಾ ಅಪರೂಪ, ಆದರೆ ಅದರಲ್ಲಿ ಮೆಲನೋಮಾ ಅಪಾಯ ಹೆಚ್ಚು.

ಸುಮ್ನೆಓದುವವ | ರಾತ್ರಿ 9:40

ಎರಡು ದಿನದಿಂದ ಓದುತ್ತಿದ್ದೆ, ಬರೆಯುವುದು ಬೇಡ ಅಂದುಕೊಂಡಿದ್ದೆ. ಎಲ್ಲರೂ ಬೆನ್ನು, ಮುಖ ಅಂತಲೇ ಮಾತಾಡುತ್ತಿದ್ದೀರಿ. ಪಾದದ ಬಗ್ಗೆ ಒಬ್ಬರೂ ಹೇಳಲಿಲ್ಲ.

ನಮ್ಮ ದೊಡ್ಡಪ್ಪನಿಗೆ ಹಿಮ್ಮಡಿಯಲ್ಲಿ ಕಪ್ಪು ಕಲೆ ಇತ್ತು. ಚಪ್ಪಲಿ ಉಜ್ಜಿ ಆದದ್ದು ಅಂದುಕೊಂಡರು. ಆಮೇಲೆ ಅದು ಹುಣ್ಣಾಯಿತು. ಆಣಿ ಇರಬೇಕು ಅಂತ ಒಂದೂವರೆ ವರ್ಷ ಪಟ್ಟಿ ಕಟ್ಟಿಸಿದರು. ಸಕ್ಕರೆ ಕಾಯಿಲೆ ಬೇರೆ ಇತ್ತು, ಅದಕ್ಕೇ ಮಾಯುತ್ತಿಲ್ಲ ಅಂದರು. ಬಯಾಪ್ಸಿ ಆಗುವ ಹೊತ್ತಿಗೆ ಕ್ಯಾನ್ಸರ್ ಹರಡಿ ತೊಡೆಸಂದಿಯಲ್ಲಿ ಗಂಟು ಬಂದಿತ್ತು. ಅವರ ಮೈಬಣ್ಣ ನನ್ನ ಹಾಗೇ, ಕಪ್ಪು. ಕಪ್ಪು ಮೈಗೆ ಚರ್ಮದ ಕ್ಯಾನ್ಸರ್ ಬರಲ್ಲ ಅಂತ ನಾವೆಲ್ಲ ನಂಬಿದ್ದೆವು.

ಚರ್ಮದಡಾಕ್ಟ್ರು | ರಾತ್ರಿ 10:30

ಬರೆದದ್ದು ಒಳ್ಳೆಯದಾಯಿತು. ನಾನೇ ಮೊದಲು ಹೇಳಬೇಕಿತ್ತು, ತಪ್ಪು ನನ್ನದು.

ಮೆಲನೋಮಾ ಬಿಳಿ ಮೈಯವರಲ್ಲಿ ಬಹಳ ಜಾಸ್ತಿ ಅನ್ನುವುದು ನಿಜ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅದರಲ್ಲಿ ಮುಂದೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಕಡಿಮೆ. ಆದರೆ ಬಂದಾಗ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿ. ಬಿಸಿಲಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ. ಸನ್‌ಸ್ಕ್ರೀನ್ ಹಚ್ಚಿದರೆ ಇದು ತಪ್ಪುವುದಿಲ್ಲ. ಅಲ್ಲಿ ಯಾರೂ ನೋಡುವುದಿಲ್ಲ, ನೋಡಿದರೂ ಏಟು ಬಿದ್ದಿದೆ, ಆಣಿ, ನರಹುಲಿ ಅಂದುಕೊಳ್ಳುತ್ತಾರೆ. ಹಾಗಾಗಿ ತಡವಾಗಿ ಗೊತ್ತಾಗುತ್ತದೆ.

ಬಾಬ್ ಮಾರ್ಲಿ ಗೊತ್ತಲ್ಲ, ಜಮೈಕಾದ ಹಾಡುಗಾರ. 1977ರಲ್ಲಿ ಅವರ ಬಲಗಾಲಿನ ಹೆಬ್ಬೆರಳ ಉಗುರಿನ ಅಡಿಯಲ್ಲಿ ಪತ್ತೆಯಾದದ್ದು ಇದೇ. ಮೊದಲಿಗೆ ಫುಟ್‌ಬಾಲ್ ಏಟು ಅಂದುಕೊಂಡಿದ್ದರು. ಬೆರಳು ತೆಗೆಯಲು ಒಪ್ಪಲಿಲ್ಲ. 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ 36 ವರ್ಷ.

ಉಗುರಿನಲ್ಲಿ ಉದ್ದಕ್ಕೆ ಕಂದು ಗೆರೆ ಇದ್ದ ಮಾತ್ರಕ್ಕೆ ಹೆದರಬೇಡಿ. ಕಪ್ಪು ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳು ಗೆರೆ ಇರುವುದು ಮಾಮೂಲಿ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲ ಆಗುತ್ತಿದ್ದರೆ, ಅಥವಾ ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೆ ಹರಡಿದ್ದರೆ ತಡಮಾಡಬೇಡಿ. ಏಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ, ಬುಡದಲ್ಲಿ ಶುಭ್ರ ಉಗುರು ಬರುತ್ತದೆ. ಕಲೆ ಸರಿಯದೆ ಅಲ್ಲೇ ನಿಂತಿದ್ದರೆ ಅದು ಏಟಲ್ಲ.

ಅರ್ಧನಿದ್ದೆ | ರಾತ್ರಿ 10:48

ಈಗಷ್ಟೇ ಸಾಕ್ಸ್ ಬಿಚ್ಚಿ ನೋಡಿಕೊಂಡೆ. ಏನೂ ಇಲ್ಲ. ಬೆರಳ ಸಂದು ಕೂಡ ನೋಡಬೇಕಾ?

ಚರ್ಮದಡಾಕ್ಟ್ರು | ರಾತ್ರಿ 10:55

ನೋಡಿ. ನೆತ್ತಿ, ಕಿವಿ ಹಿಂದೆ, ಒಳ ಉಡುಪಿನ ಜಾಗ ಕೂಡ. ತಿಂಗಳಿಗೊಮ್ಮೆ ಸ್ನಾನ ಆದ ಮೇಲೆ ಹತ್ತು ನಿಮಿಷ ಸಾಕು. ಅನುಮಾನ ಇದ್ದದ್ದರ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ, ಮುಂದಿನ ತಿಂಗಳು ಹೋಲಿಸಿ. ದಿನಾ ನೋಡಬೇಡಿ, ದಿನಾ ನೋಡಿದರೆ ಬದಲಾವಣೆ ಕಾಣುವುದಿಲ್ಲ. ಮೊಬೈಲ್ ಆ್ಯಪ್ ಹೇಳಿದ್ದನ್ನು ನಂಬಿ ಕೂರಬೇಡಿ.

ಇದ್ದ ಮಚ್ಚೆಗಳನ್ನಷ್ಟೇ ಕಾಯುವುದೂ ಸಾಲದು. 10 ಮೆಲನೋಮಾಗಳಲ್ಲಿ ಸುಮಾರು 7 ಹಳೆ ಮಚ್ಚೆಯಿಂದ ಬರುವುದಿಲ್ಲ. ಏನೂ ಇಲ್ಲದ ಚರ್ಮದಲ್ಲೇ ಹೊಸದಾಗಿ ಹುಟ್ಟುತ್ತವೆ. ಮೈಮೇಲೆ 50ಕ್ಕಿಂತ ಜಾಸ್ತಿ ಮಚ್ಚೆ ಇರುವವರು, ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಮೆಲನೋಮಾ ಬಂದಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ಮೈಯ ರಕ್ಷಣಾ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ವರ್ಷಕ್ಕೊಮ್ಮೆ ಡಾಕ್ಟರ್ ಹತ್ತಿರವೇ ತೋರಿಸಲಿ.

ಹಳೆಸೈಕಲ್ | ಮೂರನೇ ದಿನ, ಬೆಳಗ್ಗೆ 7:10

ಮಲಗಿ ಅಂದಿದ್ದೆ, ವಾಪಸ್ ತಗೋತೀನಿ. ನನ್ನ ಅಂಗಾಲು ನಾನು ನೋಡಿ ಎಷ್ಟು ವರ್ಷ ಆಯಿತೋ. ಈಗ ಬಗ್ಗಲೂ ಆಗಲ್ಲ. ಮೊಮ್ಮಗಳ ಕೈಲಿ ಫೋಟೋ ತೆಗೆಸಿದೆ.

ಕಿಟಕಿಸೀಟು | ಹನ್ನೊಂದನೇ ದಿನ, ಸಂಜೆ 7:40

ಹೋಗಿ ಬಂದೆ. ಎಲ್ಲರಿಗೂ ಹೇಳಬೇಕಲ್ಲ.

ಬೆನ್ನಿನದು ಸೆಬೊರಿಯಿಕ್ ಕೆರಟೋಸಿಸ್. ಡರ್ಮೋಸ್ಕೋಪ್ ಇಟ್ಟು ಒಂದು ನಿಮಿಷದಲ್ಲಿ ಹೇಳಿದರು. ತೆಗೆಯುವ ಅಗತ್ಯ ಇಲ್ಲ, ಅಂಗಿ ತಾಗಿ ಕಿರಿಕಿರಿ ಆದರೆ ತೆಗೆಯೋಣ ಅಂದರು. ಎರಡು ವಾರ ನಿದ್ದೆ ಕೆಡಿಸಿದ್ದು ಇದೇನಾ ಅನ್ನಿಸಿತು.

ಎದ್ದು ಹೊರಡುವವನಿದ್ದೆ. ಇಲ್ಲಿ ಓದಿದ್ದು ನೆನಪಾಗಿ "ಅಂಗಾಲೂ ನೋಡುತ್ತೀರಾ?" ಅಂದೆ. ಎಡಗಾಲಿನ ಕಿರುಬೆರಳ ಕೆಳಗೆ ಒಂದು ಕಪ್ಪು ಚುಕ್ಕೆ ಇತ್ತು. 5 ಮಿಲಿಮೀಟರ್. ನನಗೆ ಅದರ ಸುಳಿವೇ ಇರಲಿಲ್ಲ. ಅದನ್ನು ಅವರು ಬೆನ್ನಿಗಿಂತ ಜಾಸ್ತಿ ಹೊತ್ತು ನೋಡಿದರು. ಅಂಗಾಲಿನಲ್ಲಿ ಬೆರಳಚ್ಚಿನ ಹಾಗೆ ಏಣು, ಗೀರು ಇರುತ್ತವಂತೆ. ಬಣ್ಣ ಗೀರಿನೊಳಗೆ ಸಾಲಾಗಿ ಇದ್ದರೆ ಒಳ್ಳೆಯ ಮಚ್ಚೆ, ಏಣಿನ ಮೇಲೆ ಇದ್ದರೆ ಅನುಮಾನ. ನನ್ನದು ಗೀರಿನೊಳಗೇ ಇದೆ. ಆದರೂ ಫೋಟೋ ತೆಗೆದಿಟ್ಟುಕೊಂಡು ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ.

ಸುಮ್ನೆಓದುವವ ಅವರೇ, ದೊಡ್ಡಪ್ಪನ ವಿಷಯ ನೀವು ಬರೆಯದಿದ್ದರೆ ನಾನು ಕಾಲು ತೋರಿಸುತ್ತಿರಲಿಲ್ಲ.

ಸುಮ್ನೆಓದುವವ | ರಾತ್ರಿ 8:25

ಮೂರು ತಿಂಗಳು ಅಂದರೆ ಮೂರು ತಿಂಗಳಿಗೇ ಹೋಗಿ ಸಾರ್. ಮುಂದೂಡಬೇಡಿ.

ಕಿಟಕಿಸೀಟು | ರಾತ್ರಿ 8:31

ತಾರೀಖು ಹೆಂಡತಿ ಬರೆದಿಟ್ಟಿದ್ದಾಳೆ, ತಪ್ಪಿಸುವ ಹಾಗಿಲ್ಲ. ನನ್ನ ಬೆನ್ನು ಅವಳು ಇಷ್ಟು ವರ್ಷ ನೋಡುತ್ತಾ ಬಂದಿದ್ದಾಳೆ. ಅವಳ ಬೆನ್ನನ್ನು ನಾನು ಹಾಗೆ ಗಮನ ಕೊಟ್ಟು ನೋಡಿಯೇ ಇರಲಿಲ್ಲ. ನಿನ್ನೆ ನೋಡಿದೆ. 11 ಮಚ್ಚೆ. ಎಲ್ಲವೂ ಸಣ್ಣವು, ಎಲ್ಲವೂ ಒಂದೇ ತರಹ.